ಶಾಲೆಯ ಜಗಲಿಯಿಂದ: ಮನೆಗೆ ಹೋಗುವ ಓಲೆ

ಸಂಜೆ ಶಾಲೆ ಬಿಟ್ಟು ಮನೆ ಸೇರಿದ ಮಗುವನ್ನು ತಾಯಿ ಕೇಳುತ್ತಾಳೆ: "ಇವತ್ತು ಎಂತ ಕಲಿಸಿದರು?" ಮಗು ಹೇಳುತ್ತದೆ: "ಎಂತದೂ ಇಲ್ಲ." ಈ ಸಂಭಾಷಣೆ ನಡೆಯದ ಮನೆ ನಮ್ಮ ಕಾಸರಗೋಡಿನ ಸೀಮೆಯಲ್ಲಿ ಒಂದಾದರೂ ಇದ್ದೀತೆಂದು ನಮಗೆ ತೋರುವುದಿಲ್ಲ. ಮಗು ಸುಳ್ಳು ಹೇಳುತ್ತಿಲ್ಲ. ಶಾಲೆಯ ಹಿತ್ತಲಿನಲ್ಲಿ ಎಲೆಗಳನ್ನು ಆಯ್ದು, ಅಂಚನ್ನೂ ನರಗಳನ್ನೂ ನೋಡಿ ಗುಂಪುಮಾಡಿ, ಯಾವ ಗುಂಪಿಗೂ ಸೇರದ ಒಂದೆಲೆಗಾಗಿ ಗೆಳೆಯನೊಡನೆ ಜಗಳವಾಡಿ ಬಂದದ್ದು ಅದರ ಪಾಲಿಗೆ ಆಟ. ಆಟವನ್ನು 'ಕಲಿಸಿದ್ದು' ಎಂಬ ಲೆಕ್ಕಕ್ಕೆ ಹಿಡಿಯುವುದು ಅದಕ್ಕೆ ತಿಳಿಯದು. ತಾಯಿ ಚೀಲದಿಂದ ಪುಸ್ತಕವನ್ನು ತೆಗೆದು ನೋಡುತ್ತಾಳೆ. ಅಲ್ಲಿರುವುದು ಒಂದು ಚಿತ್ರ, ಎರಡು ಸಾಲು. ಮರುದಿನ ಬೆಳಗ್ಗೆ ಶಾಲೆಯ ಜಗಲಿಯಲ್ಲಿ ಪ್ರಶ್ನೆ ನಮ್ಮನ್ನು ಕಾದಿರುತ್ತದೆ: "ಮಾಷ್ಟ್ರೇ, ಇಲ್ಲಿ ಪಾಠವೇ ಆಗುವುದಿಲ್ಲವೋ?"

ಈ ಪ್ರಶ್ನೆ ಹೊಸದಲ್ಲ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ, ಅಂದರೆ ಎಲ್ಲರ ಬಾಯಲ್ಲಿದ್ದ ಡಿ.ಪಿ.ಇ.ಪಿ., ಕೇರಳದಲ್ಲಿ ಮೊದಲು ಕಾಲಿಟ್ಟ ಮೂರು ಜಿಲ್ಲೆಗಳಲ್ಲಿ ನಮ್ಮ ಕಾಸರಗೋಡೂ ಒಂದು. ವಯನಾಡೂ ಮಲಪ್ಪುರವೂ ಉಳಿದೆರಡು. ಅಂದಿನಿಂದ ಪಾಠವೆಂದರೆ ಚಟುವಟಿಕೆ, ಗುಂಪುಕೆಲಸ, ಯೋಜನೆ ಎಂದಾಯಿತು. ಅಧ್ಯಾಪಕರಿಗೆ ತರಬೇತಿಯ ಮೇಲೆ ತರಬೇತಿ ದೊರೆಯಿತು. ಹೆತ್ತವರಿಗೆ ಯಾರೂ ಏನನ್ನೂ ಹೇಳಲಿಲ್ಲ. ಮಗ್ಗಿ ಒಪ್ಪಿಸಿ, ಕಾಪಿ ಬರೆದು, ಪೆಟ್ಟು ತಿಂದು ಕಲಿತ ತಂದೆಗೆ ತನ್ನ ಮಗ ಎಲೆ ಹೆಕ್ಕುತ್ತಿದ್ದಾನೆಂದರೆ ಸಂಶಯ ಬಾರದೆ ಇದ್ದೀತೆ? ಆ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವ ಅಧ್ಯಾಪಕ ಮಿತ್ರರೊಡನೆ ನಮಗೆ ಸಹಮತವಿಲ್ಲ. ಮಗುವನ್ನು ಒಪ್ಪಿಸಿದವರಿಗೆ ಕೇಳುವ ಹಕ್ಕಿದೆ. ವಿವರಿಸಬೇಕಾದ ಹೊಣೆ ನಮ್ಮದು.

ಆದುದರಿಂದ ಕೆಲವು ವರ್ಷಗಳಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ತಿಂಗಳ ಮೊದಲ ವಾರ ಪ್ರತಿಯೊಂದು ತರಗತಿಯಿಂದ ಪ್ರತಿಯೊಂದು ಮನೆಗೆ ಒಂದು ಹಾಳೆಯ ಓಲೆ ಹೋಗುತ್ತದೆ. ಕಳೆದ ತಿಂಗಳು ಮಕ್ಕಳು ಏನು ಮಾಡಿದರು, ಅದನ್ನು ಏಕೆ ಮಾಡಿಸಿದೆವು, ಬರುವ ತಿಂಗಳು ಏನಿದೆ, ಮನೆಯಿಂದ ಏನು ಬೇಕು, ಇಷ್ಟೇ ಅದರಲ್ಲಿರುವುದು. 'ಏಕೆ' ಎಂಬುದನ್ನು ಬಿಟ್ಟರೆ ಓಲೆ ಬರಿಯ ವರದಿಯಾಗುತ್ತದೆ. ವರದಿಯನ್ನು ಓದಲು ಯಾರಿಗೂ ಪುರುಸೊತ್ತಿಲ್ಲ. ಎಲೆಗಳನ್ನು ಗುಂಪುಮಾಡಿಸಿದ್ದು ಹೋಲಿಕೆ, ವ್ಯತ್ಯಾಸಗಳನ್ನು ಕಣ್ಣಿನಿಂದ ಕಂಡು ಬಾಯಿಂದ ಹೇಳಲು ಎಂದು ಒಂದು ವಾಕ್ಯ ಬರೆದರೆ ಸಾಕು, ತಾಯಿ ಮರುದಿನ ತೊಂಡೆಯ ಎಲೆಯನ್ನೂ ಹಾಗಲದ ಎಲೆಯನ್ನೂ ಮಗುವಿನ ಮುಂದಿಡುತ್ತಾಳೆ.

ಓಲೆಯ ಭಾಷೆ ಯಾವುದಾಗಬೇಕೆಂಬ ಚರ್ಚೆ ನಮ್ಮ ಅಧ್ಯಾಪಕರ ಸಭೆಯಲ್ಲಿ ಎರಡು ಮಧ್ಯಾಹ್ನಗಳನ್ನು ನುಂಗಿತು. ಗಡಿಯ ಶಾಲೆಯ ಪಾಡು ಒಳನಾಡಿನವರಿಗೆ ಸುಲಭವಾಗಿ ತಿಳಿಯುವಂಥದಲ್ಲ. ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಮಲೆಯಾಳ, ಹೀಗೆ ಒಂದೊಂದು ಬೆಂಚಿಗೆ ಒಂದೊಂದು. ಮೇಲಿನಿಂದ ಬರುವ ಸುತ್ತೋಲೆಗಳು ಹೆಚ್ಚಾಗಿ ಮಲೆಯಾಳದಲ್ಲಿರುತ್ತವೆ. ಪುತ್ತೂರು, ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ ತಾಯಂದಿರಿಗೆ ಅದು ಕಬ್ಬಿಣದ ಕಡಲೆ. ಅವುಗಳ ತಾತ್ಪರ್ಯವನ್ನು ಓಲೆಯ ಕೊನೆಗೆ ಕನ್ನಡದಲ್ಲಿ ಸೇರಿಸುವುದೆಂದು ತೀರ್ಮಾನವಾಯಿತು. ಇನ್ನು ಓದು ಬಾರದ ಅಜ್ಜಿಯಂದಿರಿಗೆ? ಮಗುವೇ ಓದಿ ಹೇಳಬೇಕು, ಅವರವರ ಮನೆಮಾತಿನಲ್ಲಿ. ಕನ್ನಡದಲ್ಲಿ ಬರೆದದ್ದನ್ನು ತುಳುವಿನಲ್ಲಿ ಹೇಳಬೇಕಾದರೆ ಅರ್ಥವಾಗದೆ ಗತ್ಯಂತರವಿಲ್ಲ. ಪರೀಕ್ಷೆಯೆಂಬ ಹೆಸರಿಲ್ಲದೆ ಒಂದು ಒಳ್ಳೆಯ ಪರೀಕ್ಷೆ ಮನೆಯ ಚಾವಡಿಯಲ್ಲೇ ನಡೆದುಹೋಗುತ್ತದೆ.

ಫೋನಿನಲ್ಲಿ ಕಳುಹಿಸಬಾರದೆ ಎಂದು ಕೇಳುವವರಿದ್ದಾರೆ. 2020ರ ಜೂನ್ 1ರಂದು ವಿಕ್ಟರ್ಸ್ ಚಾನೆಲ್ಲಿನಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದ ಮೇಲೆ ಪ್ರತಿ ತರಗತಿಗೂ ವಾಟ್ಸಾಪ್ ಗುಂಪುಗಳು ಹುಟ್ಟಿಕೊಂಡವು. ಅವು ಈಗಲೂ ಇವೆ. ನಾಳೆ ರಜೆ ಎಂದು ತಿಳಿಸಲು ಅದಕ್ಕಿಂತ ಅನುಕೂಲವಾದದ್ದು ಇಲ್ಲ. ಆದರೆ ಅಲ್ಲಿ ಬಂದದ್ದು ಶುಭೋದಯದ ಹೂವುಗಳ ನಡುವೆ ಕೆಳಕ್ಕೆ ಜಾರಿಹೋಗುತ್ತದೆ, ಮತ್ತು ಫೋನು ಅಪ್ಪನೊಡನೆ ಕೆಲಸಕ್ಕೆ ಹೋಗಿರುತ್ತದೆ. ಹಾಳೆಯ ಓಲೆ ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ತಿಂಗಳಿಡೀ ತೂಗುತ್ತಿರುತ್ತದೆ.

ಈ ಓಲೆಯಿಂದ ಏನಾಗುತ್ತದೆ ಎಂಬುದಕ್ಕೆ ನಾಲ್ಕನೆಯ ತರಗತಿಯ ಸುರಂಗದ ಯೋಜನೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಸುರಂಗವೆಂದರೆ ನಮ್ಮವರಿಗೆ ವಿವರಣೆ ಬೇಡ. ಸೊಲ್ಲಾಪುರ, ಆದವಾನಿಗಳ ವಾಚಕರಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡೆಯ ಬದಿಯನ್ನು ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆದುಕೊಂಡು ಹೋದರೆ ಒಳಗೆ ನೀರಿನ ಒಸರು ಸಿಗುತ್ತದೆ. ಆ ನೀರು ಯಂತ್ರವಿಲ್ಲದೆ, ಕರೆಂಟಿಲ್ಲದೆ ತಾನಾಗಿ ಹೊರಕ್ಕೆ ಹರಿಯುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ ಅಂಗಳದ ಕೆರೆಗೆ ಬೀಳುತ್ತದೆ. ಬಾಯಾರು, ಪಡ್ರೆ, ಎಣ್ಮಕಜೆಯ ಗುಡ್ಡಗಳಲ್ಲಿ ಎಷ್ಟೋ ತೋಟಗಳು ಈ ನೀರಿನಿಂದಲೇ ಎದ್ದವು. ಮಳೆಗಾಲದಲ್ಲಿ ಧಾರಾಕಾರವಾಗಿ ಸುರಿದರೂ ಇಳಿಜಾರಿನಲ್ಲಿ ನೀರು ನಿಲ್ಲದೆ ಕಡಲು ಸೇರುವ ಈ ನಾಡಿನಲ್ಲಿ ಬೇಸಗೆಗೆ ಅದೇ ಗತಿಯಾಗಿತ್ತು.

ನವೆಂಬರದ ಓಲೆಯಲ್ಲಿ ನಾವು ಬರೆದೆವು: ಬರುವ ತಿಂಗಳು ನಮ್ಮ ಊರಿನ ಸುರಂಗಗಳನ್ನು ಎಣಿಸಲಿದ್ದೇವೆ, ಮಕ್ಕಳನ್ನು ಯಾವ ಕಾರಣಕ್ಕೂ ಒಳಗೆ ಬಿಡುವುದಿಲ್ಲ, ನಿಮ್ಮ ಮನೆಯ ಸುರಂಗದ ಉದ್ದ, ಅದನ್ನು ಅಗೆದವರ ನೆನಪು ಇದ್ದರೆ ತಿಳಿಸಿರಿ. ಮೊದಲು ಬಂದದ್ದು ಆಕ್ಷೇಪವೇ. ಒಬ್ಬ ತಂದೆ ಬೈಕಿನಿಂದ ಇಳಿಯದೆಯೇ ಹೇಳಿದರು: "ಸುರಂಗ ನೋಡಲು ನಮ್ಮ ಮನೆ ಸಾಕು ಮಾಷ್ಟ್ರೇ, ಶಾಲೆಗೆ ಕಳಿಸುವುದು ಇಂಗ್ಲಿಷ್ ಕಲಿಯಲಿಕ್ಕೆ." ಮಾತು ಕಹಿಯಾದರೂ ಅದರಲ್ಲಿ ನಿಜವಿಲ್ಲದಿರಲಿಲ್ಲ. ಕುಳಿತುಕೊಂಡು ಮಾತನಾಡೋಣ ಎಂದು ಒಳಗೆ ಕರೆದೆವು, ಅವರಿಗೆ ಹೊತ್ತಾಗಿತ್ತು.

ಮೂರನೆಯ ದಿನ ಒಬ್ಬ ಅಜ್ಜ ಮೊಮ್ಮಗಳ ಕೈಹಿಡಿದು ಶಾಲೆಗೆ ಬಂದರು. ತಲೆಗೆ ಹಾಳೆಯ ಟೊಪ್ಪಿ, ಕೈಯಲ್ಲಿ ಒಂದು ಕೋಲು. ನಾಲ್ಕು ದಶಕ ಸುರಂಗ ತೋಡಿ ಬದುಕಿದವರು. ಶಾಲೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲಂತೆ. ಓಲೆಯನ್ನು ಮೊಮ್ಮಗಳು ತುಳುವಿನಲ್ಲಿ ಓದಿ ಹೇಳಿದ್ದಳು. ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ. ಗುಡ್ಡೆಯ ಯಾವ ಬದಿಯಲ್ಲಿ ಯಾವ ಮರ ಬೆಳೆದಿದ್ದರೆ ನೀರಿದೆ ಎಂದು ಗುರುತಿಸುತ್ತಿದ್ದರು, ಒಳಗೆ ಉರಿಯುವ ದೀಪ ಸಣ್ಣದಾದರೆ ಗಾಳಿ ಕಡಮೆಯಾಗಿದೆಯೆಂದು ಹೇಗೆ ಹಿಂದೆ ಸರಿಯುತ್ತಿದ್ದರು, ಅಗೆದ ಮಣ್ಣನ್ನು ಬಗ್ಗಿಕೊಂಡೇ ಹೇಗೆ ಹೊರಗೆ ಸಾಗಿಸುತ್ತಿದ್ದರು ಎಂಬುದನ್ನೆಲ್ಲ ಒಂದು ಗಂಟೆ ನಿಂತೇ ಹೇಳಿದರು. ಮಕ್ಕಳು ಉಸಿರಾಡಿದ ಸದ್ದು ಕೇಳಿಸಲಿಲ್ಲ. ಅವರ ತುಳು ಮಾತುಗಳನ್ನು ಮಕ್ಕಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. (1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಪಾದ್ರಿಗಳು ಮಂಗಳೂರಿನಲ್ಲಿ ತುಳು ನಿಘಂಟನ್ನು ಅಚ್ಚುಹಾಕಿಸಿದಾಗ ಅವರೂ ಕನ್ನಡ ಲಿಪಿಯನ್ನೇ ಬಳಸಿದ್ದರು.)

ಲೆಕ್ಕದ ಪಾಠ ಅಲ್ಲಿಂದಲೇ ಹುಟ್ಟಿತು. ಸುರಂಗದ ಉದ್ದವನ್ನು ಹಿರಿಯರು ಕೋಲಿನಲ್ಲಿ ಹೇಳುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಅಜ್ಜ ತೋಡಿದ ಒಂದು ಸುರಂಗ 42 ಕೋಲು. ಮಕ್ಕಳು ಗುಣಿಸಿ 105 ಅಡಿ ಎಂದರು. ಮೀಟರಿಗೆ ಪರಿವರ್ತಿಸಿ 32 ಎಂದರು. ಅಂಗಳಕ್ಕಿಳಿದು ಅಷ್ಟುದ್ದ ಹಗ್ಗವನ್ನು ಎಳೆದು ನೋಡಿ ಬೆರಗಾದರು. ಡಿಸೆಂಬರದಲ್ಲಿ ಒಂದು ಸುರಂಗದ ಬಾಯಿಯ ಹೊರಗೆ ಹತ್ತು ಲೀಟರಿನ ಬಕೆಟ್ಟನ್ನಿಟ್ಟು ಗಡಿಯಾರ ನೋಡಿದರು. ತುಂಬಲು 50 ಸೆಕೆಂಡು ಬೇಕಾಯಿತು. ನಿಮಿಷಕ್ಕೆ 12 ಲೀಟರು, ದಿನಕ್ಕೆ 17,280. ಮಾರ್ಚಿನಲ್ಲಿ ಅದೇ ಬಕೆಟ್ಟು ತುಂಬಲು ಎರಡೂವರೆ ನಿಮಿಷ. ದಿನಕ್ಕೆ 5,760 ಲೀಟರು. ಈ ಎರಡು ಅಂಕೆಗಳನ್ನು ಓಲೆಯಲ್ಲಿ ಅಚ್ಚುಮಾಡಿ ಮನೆಗೆ ಕಳುಹಿಸಿದೆವು. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಎಂದೂ ಬಾಯಿ ತೆರೆಯದ ತಾಯಂದಿರು ನೀರಿನ ವಿಚಾರ ಎತ್ತಿದರು: ಯಾರ ಮನೆಯ ಬಳಿ ಕೊಳವೆಬಾವಿ ಕೊರೆದ ಮೇಲೆ ಯಾರ ಸುರಂಗ ಬತ್ತಿತು, ಗುಡ್ಡೆಯ ತಲೆಯ ಮೇಲಿನ ಕಾಡು ಹೋದ ಮೇಲೆ ಏನಾಯಿತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿದು ಮುಗಿಯುತ್ತಿದ್ದ ಸಭೆ ಅಂದು ಕತ್ತಲಾಗುವವರೆಗೆ ನಡೆಯಿತು.

ಇಷ್ಟನ್ನು ಓದಿ ನಮ್ಮ ಶಾಲೆ ತುಂಬಿ ತುಳುಕುತ್ತಿದೆಯೆಂದು ಯಾರೂ ಭಾವಿಸಬಾರದು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆಯಾಗುತ್ತದೆ. ಅಧ್ಯಾಪಕರ ಹುದ್ದೆಗಳು ನಿಲ್ಲುವುದು ಆ ಎಣಿಕೆಯ ಮೇಲೆ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಅದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ, ಸೇರ್ಪಡೆಯಾದದ್ದು. ವಿಧಿ ಪುಸ್ತಕದಲ್ಲಿ ಭದ್ರವಾಗಿದೆ. ಜೂನ್ ತಿಂಗಳ ಆ ದಿನ ಬೆಂಚಿನ ಮೇಲೆ ಮಗು ಇಲ್ಲದಿದ್ದರೆ ವಿಧಿಯನ್ನು ಹಿಡಿದುಕೊಂಡು ನಾವು ಮಾಡುವುದೇನು?

ಬೈಕಿನಿಂದ ಇಳಿಯದ ಆ ತಂದೆ ಸುರಂಗದ ಓಲೆ ಬಂದ ಮೇಲೆ ಒಮ್ಮೆ ಇಳಿದು ಬಂದರು. ಅರ್ಧ ಗಂಟೆ ಮಾತನಾಡಿದರು. ಮಗಳು ಮನೆಯಲ್ಲಿ ಬಕೆಟ್ಟು ಹಿಡಿದು ನೀರಿನ ಲೆಕ್ಕ ಹಾಕುತ್ತಿದ್ದಾಳೆ, ಅದು ಸಂತೋಷ, ಆದರೆ ಎರಡನೆಯ ತರಗತಿಯಲ್ಲಿರುವ ಮಗನನ್ನು ಮುಂದಿನ ವರ್ಷ ಬಸ್ಸು ಬರುವ ಶಾಲೆಗೆ ಸೇರಿಸಲು ಹಣ ಕಟ್ಟಿಯಾಗಿದೆ ಎಂದರು. ಇಂಗ್ಲಿಷನ್ನು ನಾವು ಎಷ್ಟು ಕಲಿಸುತ್ತೇವೆ, ಎಷ್ಟು ಕಲಿಸಲಾರೆವು ಎಂಬುದನ್ನು ಮುಚ್ಚಿಡದೆ ಹೇಳಿದೆವು. ಜೂನಿನಲ್ಲಿ ಹುಡುಗ ಹೋದ. ಜುಲೈಯಲ್ಲಿ ನೆರೆಮನೆಯ ಹುಡುಗಿಯೊಬ್ಬಳು ಬಂದು, "ಅವರ ಅಜ್ಜಿಗೆ ಒಂದು ಓಲೆ ಬೇಕಂತೆ" ಎಂದಳು. ಹೊಸ ಶಾಲೆಯಿಂದ ಬರುವ ಡೈರಿ ಇಂಗ್ಲಿಷಿನಲ್ಲಿದೆ. ಅಜ್ಜಿಗೆ ಓದಿ ಹೇಳಲು ಅದರಲ್ಲಿ ಏನೂ ಇಲ್ಲವಂತೆ. ಅಂದಿನಿಂದ ಪ್ರತಿ ತಿಂಗಳೂ ಒಂದು ಪ್ರತಿಯನ್ನು ಹೆಚ್ಚು ಅಚ್ಚುಮಾಡುತ್ತಿದ್ದೇವೆ.

ಓಲೆಯ ಪದ್ಧತಿಯನ್ನು ತಮ್ಮ ಶಾಲೆಯಲ್ಲಿ ತೊಡಗಿಸಬೇಕೆಂದಿರುವ ಅಧ್ಯಾಪಕರಿಗೆ ಒಂದು ಸೂಚನೆ. ಮಕ್ಕಳ ಹೆಸರು ಹಿಡಿದು ಹೊಗಳಬಾರದು, ತೆಗಳಲೂಬಾರದು; ಹೆಸರಿಲ್ಲದ ಮಗುವಿನ ಮನೆಯಲ್ಲಿ ಆ ಹಾಳೆ ಒಲೆ ಸೇರುತ್ತದೆ. ಒಂದು ಪುಟ ಮೀರಬಾರದು. ಹಣ ಕೇಳುವ ವಿಷಯವನ್ನು ಅದರಲ್ಲಿ ಎಂದಿಗೂ ಸೇರಿಸಬಾರದು, ಅದಕ್ಕೆ ಬೇರೆ ಚೀಟಿ. ನಮ್ಮ ಮೂರನೆಯ ತರಗತಿಯವರು ಬರುವ ತಿಂಗಳು ಮನೆಯ ಹಳೆಯ ಅಳತೆಪಾತ್ರೆಗಳಾದ ಸೇರು, ಪಾವುಗಳನ್ನು ತಂದು ಲೀಟರಿನೊಡನೆ ಹೋಲಿಸಲಿದ್ದಾರೆ. ಅಟ್ಟದಲ್ಲಿರುವುದನ್ನು ಈಗಲೇ ಇಳಿಸಿ, ತೊಳೆದು, ಅಡಿಯಲ್ಲಿ ಮನೆಯ ಹೆಸರು ಬರೆದು ಕಳುಹಿಸಿಕೊಡಬೇಕೆಂದು ಹೆತ್ತವರಲ್ಲಿ ವಿನಂತಿ. ಹಿಂದಿರುಗಿಸುವ ಹೊಣೆ ನಮ್ಮದು.