ದೊಡ್ಡ ಕಾರು, ಪಾಸಾದ ಕಾಗದ

ಕಳೆದ ಸಂಚಿಕೆಯ ನಂತರ ನಮ್ಮ ಸಂಘದ ಮೂರು ಮನೆಯವರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: “ಹತ್ತು ವರ್ಷಕ್ಕೆ ಹತ್ತಿರವಾದ ದೊಡ್ಡ ಡೀಸೆಲ್ ಕಾರು ದಿಲ್ಲಿಯಲ್ಲಿ ಅಗ್ಗಕ್ಕೆ ಸಿಕ್ಕುತ್ತದಂತೆ. ಕೊಂಡು ಊರಿಗೆ ಒಯ್ಯಬಹುದೇ?” ನಾವು ಮೋಟಾರು ಪಂಡಿತರಲ್ಲ. ಸರಕಾರಿ ಕಚೇರಿಯಲ್ಲಿ ಕಡತ ನೋಡುವವರು. ಆದರೆ ಕಾಗದ ಓದುವುದೇ ನಮ್ಮ ಕಸುಬಾದ ಕಾರಣ, ಕಾರಿನ ಕಾಗದ ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬಷ್ಟನ್ನು ಬರೆಯುವ ಧೈರ್ಯ ಮಾಡಿದ್ದೇವೆ.

ಅಗ್ಗವೇಕೆ ಎಂಬುದು ದಿಲ್ಲಿಯಲ್ಲಿರುವವರಿಗೆಲ್ಲ ಗೊತ್ತು. 10 ವರ್ಷ ಮೀರಿದ ಡೀಸೆಲ್ ಗಾಡಿಗಳು ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬಲ ಕೊಟ್ಟಿತು. 2025ರಲ್ಲಿ ಅದೇ ನ್ಯಾಯಾಲಯ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತಾದ್ದರಿಂದ, ಕೊಳ್ಳುವ ದಿನದಂದು ನಿಯಮ ಹೇಗಿದೆಯೆಂದು ವಿಚಾರಿಸಿಯೇ ಮುಂದುವರಿಯಬೇಕು. ಕರ್ನಾಟಕದಲ್ಲಾದರೋ ಖಾಸಗಿ ಕಾರಿನ ನೋಂದಣಿ, ಡೀಸೆಲ್ಲಾದರೂ ಸರಿಯೆ, 15 ವರ್ಷ ನಡೆಯುತ್ತದೆ. ಆದ್ದರಿಂದ ಇಲ್ಲಿ ಮುದಿಯಾದ ಗಾಡಿ ಅಲ್ಲಿ ಇನ್ನೂ ಪ್ರಾಯದ್ದು. ಹೊಸ ಸಣ್ಣ ಕಾರಿನ ಬೆಲೆಗೆ, ಒಂದು ಕಾಲಕ್ಕೆ ದೊಡ್ಡ ಸಾಹೇಬರು ಓಡಾಡಿದ ಆಡಿಯೋ ಲ್ಯಾಂಡ್ ರೋವರೋ ಸಿಕ್ಕುವಾಗ, ನಿವೃತ್ತಿಯ ಹಣ ಕೈಗೆ ಬಂದವರ ಮನಸ್ಸು ಅತ್ತ ಹರಿದರೆ ತಪ್ಪೇನು? ಹಣ ಮಾತ್ರ ಒಂದೇ ಸಲ ಬರುವಂಥದು.

ತಪಾಸಣೆಯ ಫಲಿತಾಂಶವನ್ನು ಹೇಗೆ ಓದಬೇಕೆಂಬುದಕ್ಕೆ ಇಂಗ್ಲೆಂಡಿನ ಪದ್ಧತಿ ಒಳ್ಳೆಯ ಪಾಠ. ಈ ಜಾತಿಯ ಕಾರುಗಳಲ್ಲಿ ಹೆಸರಾದ ರೇಂಜ್ ರೋವರ್ 1970ರಲ್ಲಿ ಹುಟ್ಟಿದ್ದೂ ಅಲ್ಲಿಯೇ. 1960ರಲ್ಲಿ ಅರ್ನೆಸ್ಟ್ ಮಾರ್ಪಲ್ಸ್ ಎಂಬವರು ಸಾರಿಗೆ ಮಂತ್ರಿಗಳಾಗಿದ್ದಾಗ ಎಂ.ಓ.ಟಿ. ಎಂಬ ಪರೀಕ್ಷೆಯನ್ನು ಜಾರಿಗೆ ತಂದರು. ಮೊದಲು ಹತ್ತು ವರ್ಷ ದಾಟಿದ ಗಾಡಿಗಳಿಗೆ ಬ್ರೇಕು, ದೀಪ, ಸ್ಟಿಯರಿಂಗ್ ಇಷ್ಟನ್ನೇ ನೋಡುತ್ತಿದ್ದರು. 1967ರಿಂದ ಮೂರು ವರ್ಷ ತುಂಬಿದ ಕಾರಿಗೂ ಪರೀಕ್ಷೆ ಬಂತು; ಆಮೇಲೆ ಪ್ರತಿ ವರ್ಷವೂ ತಪ್ಪದು. 2018ರಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸುತ್ತಾರೆ. ಪಾಸು ಮಾಡಿದರೂ “ಮುಂದೆ ಇದರ ಮೇಲೆ ಕಣ್ಣಿಡಿ” ಎಂಬ ಸೂಚನೆಯನ್ನೂ ಬರೆಯುವುದುಂಟು. ಕಾರಿನ ನಂಬರನ್ನು ಹೇಳಿದರೆ ಯಾರು ಬೇಕಾದರೂ ಕಾಸು ಕೊಡದೆ ಅದರ ಹಿಂದಿನ ಫಲಿತಾಂಶಗಳನ್ನೂ, ಒಂದೊಂದು ಪರೀಕ್ಷೆಯ ದಿನ ಎಷ್ಟು ಮೈಲಿ ಓಡಿತ್ತೆಂಬುದನ್ನೂ ನೋಡಬಹುದು. ಮೈಲಿ ತಿರುಚುವವರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ.

ಆ ಪಟ್ಟಿಯನ್ನು ಓದುವುದರಲ್ಲಿ ಸ್ವಲ್ಪ ಜಾಣತನ ಬೇಕು. ದೀಪ ಕೆಟ್ಟಿದ್ದಕ್ಕೆ ಬೆಳಗ್ಗೆ ನಪಾಸಾಗಿ ಸಂಜೆ ಪಾಸಾದ ಕಾರು ಕೆಟ್ಟದ್ದಲ್ಲ. ಯಜಮಾನ ಕೂಡಲೇ ರಿಪೇರಿ ಮಾಡಿಸುವವನೆಂದು ತಿಳಿಯಬೇಕು. ನಪಾಸೇ ಆಗದೆ, “ಬ್ರೇಕಿನ ಬಿಲ್ಲೆ ಸವೆದಿದೆ”, “ಎಣ್ಣೆ ಸೋರುತ್ತಿದೆ” ಎಂಬ ಅದೇ ಸೂಚನೆ ಮೂರು ವರ್ಷ ಸಾಲಾಗಿ ಬಂದಿದ್ದರೆ ಅದು ಕೆಟ್ಟ ಲಕ್ಷಣ. ಪಾಸಾಗುವಷ್ಟು ಮಾತ್ರ ಖರ್ಚು ಮಾಡಿದ್ದಾನೆ ಎಂದರ್ಥ. ಈ ದೊಡ್ಡ ಕಾರುಗಳ ತೂಕ ಎರಡು ಟನ್ನಿಗೂ ಮೇಲು. ಟೈರು, ಬ್ರೇಕು, ಅಡಿಭಾಗದ ರಬ್ಬರು ಬುಷ್ಷುಗಳು ಬೇಗ ಸವೆಯುವುದು ಸಹಜ. ಅವನ್ನು ಸಕಾಲಕ್ಕೆ ಬದಲಾಯಿಸಿದ ಗುರುತು ಇದೆಯೇ ಎಂಬುದೇ ಮುಖ್ಯ.

ಇಷ್ಟಾದರೂ ಆ ಪರೀಕ್ಷೆಯಲ್ಲಿ ಇಂಜಿನು, ಕ್ಲಚ್ಚು, ಗೇರ್ ಬಾಕ್ಸಿನ ಸ್ಥಿತಿಯನ್ನು ನೋಡುವುದಿಲ್ಲ! ಅಲ್ಲಿನ ಸರಕಾರವೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕಾರು ಆ ದಿನ ರಸ್ತೆಯ ಮೇಲೆ ಯಾರ ಪ್ರಾಣಕ್ಕೂ ಸಂಚಕಾರ ತಾರದು ಎಂಬುದಷ್ಟೇ ಪಾಸಿನ ಅರ್ಥ. ಮರುದಿನ ಅದು ನಡುದಾರಿಯಲ್ಲಿ ನಿಂತರೆ ಪರೀಕ್ಷಕ ಹೊಣೆಯಲ್ಲ. ಈ ಜಾತಿಯ ಕಾರಿನಲ್ಲಿ ಮನೆಯನ್ನು ಮುಳುಗಿಸುವ ಖರ್ಚು ಬರುವುದಾದರೋ ಇಂಜಿನು, ಗೇರ್ ಬಾಕ್ಸುಗಳಿಂದಲೇ.

ಇನ್ನು ನಮ್ಮಲ್ಲಿ? ಹಳದಿ ಹಲಗೆಯ ಟ್ಯಾಕ್ಸಿಗೆ 8 ವರ್ಷದ ವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪರೀಕ್ಷೆ ಉಂಟು. ಸಾಹೇಬರ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವ ತನಕ ಯಾರೂ ಬಗ್ಗಿ ನೋಡುವುದಿಲ್ಲ. ನಡುವೆ ಇರುವುದು ಹೊಗೆ ಸರ್ಟಿಫಿಕೇಟು ಒಂದೇ. ಹೊಗೆಯ ಕೊಳವೆಯಿಂದಾಚೆಗೆ ಅದಕ್ಕೇನೂ ತಿಳಿಯದು.

ಮೊನ್ನೆ ನಮ್ಮ ಪರಿಚಯದ ರಾಯರೊಬ್ಬರೊಡನೆ ಕರೋಲ್ ಬಾಗಿನ ಕಡೆ ಒಂದು ಕಾರನ್ನು ನೋಡಲು ಹೋಗಿದ್ದೆವು. ಒಂಬತ್ತು ವರ್ಷದ್ದು. ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವಾತ, “ಸಾಬ್, ವಿಮೆ ಇದೆ, ಹೊಗೆ ಸರ್ಟಿಫಿಕೇಟು ಇದೆ, ಇನ್ನೇನು ಬೇಕು?” ಎಂದ. ಮರುದಿನ ಬೆಳಗ್ಗೆ ಗಾಡಿಯನ್ನು ಚಾಲೂ ಮಾಡುವ ಮೊದಲೇ ನೋಡುತ್ತೇವೆಂದು ಹೇಳಿ ಬಂದೆವು. ಹೋಗಿ ನೋಡಿದರೆ ಹಿಂದಿನ ಎಡಮೂಲೆ ನಾಲ್ಕು ಬೆರಳು ತಗ್ಗಿ ಕೂತಿದೆ. “ಇದೇನಪ್ಪಾ, ಕುಂಟು ಎತ್ತಿನ ಹಾಗೆ?” ಎಂದರು ರಾಯರು. ಆತ ಇಂಜಿನು ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಗಾಡಿ ನಿಧಾನವಾಗಿ ಎದ್ದು ಸಮನಾಯಿತು. “ನೋಡಿ ಸಾಬ್, ಎಷ್ಟು ಬುದ್ಧಿಯ ಗಾಡಿ, ತಾನೇ ಎದ್ದು ನಿಲ್ಲುತ್ತದೆ!”

ಬುದ್ಧಿಯದೇ ಸರಿ. ಇಂಥ ಹಲವು ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರು ಚೀಲಗಳಿರುತ್ತವೆ. ವಯಸ್ಸಾದಂತೆ ರಬ್ಬರು ಬಿರುಕು ಬಿಟ್ಟು ರಾತ್ರಿಯೆಲ್ಲ ಗಾಳಿ ಸೋರುತ್ತದೆ. ಬೆಳಗ್ಗೆ ಕಂಪ್ರೆಸರು ಅದನ್ನು ತುಂಬಿಸಿ ಎತ್ತುತ್ತದೆ. ಹೀಗೆ ದಿನವೂ ಮಿತಿಮೀರಿ ದುಡಿದು ಕೊನೆಗೆ ಕಂಪ್ರೆಸರೂ ಸುಡುತ್ತದೆ. ನಾಲ್ಕು ಮೂಲೆಯನ್ನೂ ಕಂಪೆನಿಯ ಗ್ಯಾರೇಜಿನಲ್ಲಿ ಸರಿಮಾಡಿಸಿದರೆ ಮಾತು ಲಕ್ಷಗಳಲ್ಲಿ. ಕಂಪೆನಿಯ ಗ್ಯಾರೇಜಿನಲ್ಲಿ ತೋರಿಸೋಣ, ತಪಾಸಣೆಯ ಫೀಜು ನಮ್ಮದೇ ಎಂದು ರಾಯರು ಹೇಳಿದಾಗ ಆತ ಒಪ್ಪಲಿಲ್ಲ. ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಸರಕಾರ ಇಡದ ಚರಿತ್ರೆಯನ್ನು ನಾವೇ ಕಲೆಹಾಕಬೇಕು. ಸರ್ವೀಸಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕಿಲೋಮೀಟರು ಏರುತ್ತ ಬಂದಿದೆಯೇ ನೋಡಿ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕೆಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಇಪ್ಪತ್ತೈದು ಸಾವಿರ ಕಿಲೋಮೀಟರು ಮಾತ್ರ ಓಡಿದೆ ಎನ್ನುವ ಕಾರಿಗೆ ಎರಡನೆಯ ಜೊತೆ ಟೈರು ಏಕೆ ಬಂತೆಂದು ಕೇಳಬಹುದು. ಹಳೆಯ ವಿಮಾಪತ್ರದಲ್ಲಿ “ನೋ ಕ್ಲೇಮ್ ಬೋನಸ್” ಎಷ್ಟೆಂದು ನೋಡುವುದು ನಮಗೆ ಬಹಳ ಹಿಡಿಸಿದ ಉಪಾಯ. ಕಳೆದ ವರ್ಷ ಇದ್ದದ್ದು ಈ ವರ್ಷ ಸೊನ್ನೆಯಾಗಿದ್ದರೆ ನಡುವೆ ಏನೋ ಪೆಟ್ಟಾಗಿರಬಹುದು. ಆದರೆ 50 ಶೇಕಡ ಇದೆಯೆಂದು ಹಿಗ್ಗಬೇಡಿ. ಆ ಬೋನಸ್ಸು ಯಜಮಾನನದು, ಕಾರಿನದಲ್ಲ. ಹಿಂದಿನ ಕಾರಿನಿಂದ ತಂದದ್ದೂ ಇರಬಹುದು. ಚಾವಿ ತಿರುಗಿಸಿದಾಗ ಇಂಜಿನಿನ ಎಚ್ಚರಿಕೆಯ ದೀಪ ಹೊತ್ತಬೇಕು, ಚಾಲೂ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ದೀಪವನ್ನೇ ತೆಗೆದಿದ್ದಾರೆಯೇ ಎಂದು ಸಂಶಯಪಡಿ.

ಊರಿಗೆ ಒಯ್ಯುವವರು ನಮೂನೆ 28ರ ನಿರಾಕ್ಷೇಪಣಾ ಪತ್ರವನ್ನು ಇಲ್ಲಿಯೇ ಪಡೆಯಬೇಕು. ಸಾಲ ಬಾಕಿಯಿದ್ದ ಗಾಡಿಯಾದರೆ ಅದಕ್ಕೆ ಮೊದಲು ಬ್ಯಾಂಕಿನ ಸಹಿಯಾದ ನಮೂನೆ 35 ಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿನ ನಂಬರು ಹಾಕಿಸಲೇಬೇಕು. ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಾರಿನ ವಯಸ್ಸು ನೋಡಿ ಇಳಿಸುತ್ತಾರೆ ನಿಜ. ಆದರೆ ಲೆಕ್ಕ ಹಿಡಿಯುವುದು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ, ನೀವು ಕೊಟ್ಟ ಅಗ್ಗದ ಬೆಲೆಯ ಮೇಲಲ್ಲ. ಮುಂಗಡ ಕೊಡುವ ಮೊದಲೇ ಊರಿನ ಆರ್.ಟಿ.ಓ. ಕಚೇರಿಯಲ್ಲಿ ಈ ಮೊತ್ತವನ್ನು ಕೇಳಿ ಬರೆದಿಟ್ಟುಕೊಳ್ಳಿ. ದಿಲ್ಲಿಯಲ್ಲಿ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆದ ಸದಸ್ಯರು ಯಾರಾದರೂ ಇದ್ದರೆ ಅದರ ಕ್ರಮವನ್ನು ಬರೆದು ಕಳುಹಿಸಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಮಾಡಿಕೊಡುತ್ತೇವೆ.