ಸುಳ್ಳು ಯಂತ್ರ ಇರಲಿ, ಸುಳ್ಳು ಮಾತು ಬೇಡ



ಮಲಗಿದಾಗ ಗಂಟಲ ದಾರಿ ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆಯೊಂದಿದೆ. ಸ್ಲೀಪ್ ಅಪ್ನಿಯಾ ಅಂತಾರೆ. ಗೊರಕೆ ಹೊಡೀತಾನೆ, ಒಳ್ಳೇ ನಿದ್ದೆ ಅಂತ ಪಕ್ಕದವರು ನಗ್ತಾರೆ. ಅವನಿಗೋ ರಾತ್ರಿಯೆಲ್ಲ ಉಸಿರಿಗಾಗಿ ಗುದ್ದಾಟ, ಹಗಲೆಲ್ಲ ತೂಕಡಿಕೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಇದಕ್ಕೊಂದು ದಾರಿ ತೋರಿಸಿದರು. ಮೂಗಿಗೆ ಮಾಸ್ಕು ಹಾಕಿ, ಒತ್ತಡದ ಗಾಳಿ ಊದಿ, ಗಂಟಲನ್ನು ತೆರೆದಿಡುವ ಯಂತ್ರ. ಅದೇ ಸಿಪ್ಯಾಪ್.

ಇದರ ಗುಣ ಪರೀಕ್ಷಿಸಲು ವೈದ್ಯರು ಸುಳ್ಳು ಯಂತ್ರವನ್ನೂ ಮಾಡಿದರು. ಅದೇ ಮಾಸ್ಕು, ಅದೇ ಸದ್ದು. ಒತ್ತಡ ಮಾತ್ರ ಗಂಟಲು ತೆರೆಯಲು ಸಾಲದು. ಕೇಳಿದ ಕೂಡಲೇ ಸಿಟ್ಟು ಬರುತ್ತದೆ. ರೋಗಿಗೆ ಮೋಸ ಅಲ್ವಾ?

ಸಿಟ್ಟಿಗೆ ಮೊದಲು ಲೆಕ್ಕ ನೋಡೋಣ. 1999ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪರೀಕ್ಷೆಯಲ್ಲಿ ನೂರಕ್ಕೂ ಹೆಚ್ಚು ಗಂಡಸರನ್ನು ಎರಡು ಗುಂಪು ಮಾಡಿ ಒಂದು ತಿಂಗಳು ನೋಡಿದರು. ತೂಕಡಿಕೆಯನ್ನು ಅಳೆಯುವುದು 24 ಅಂಕಗಳಲ್ಲಿ. ನಿಜ ಯಂತ್ರದವರ ಅಂಕ 15.5ರಿಂದ 7ಕ್ಕೆ ಇಳಿಯಿತು. ಸುಳ್ಳು ಯಂತ್ರದವರದೂ 15ರಿಂದ 13ಕ್ಕೆ ಇಳಿಯಿತು! ಯಂತ್ರ ಬಂತೆಂಬ ನಂಬಿಕೆ ಯಾವುದು, ಗಾಳಿಯ ಕೆಲಸ ಯಾವುದು ಎಂದು ಬೇರೆ ಮಾಡಿ ತೋರಿಸಿದ್ದು ಆ ಸುಳ್ಳು ಯಂತ್ರವೇ. ತಾಯಿತ ಕಟ್ಟಿದ್ದಕ್ಕೇ ವಾಸಿಯಾಯ್ತು ಅನ್ನುವವನನ್ನು ಪ್ರಶ್ನಿಸುವ ನಾವು ಯಂತ್ರ ಮಾರುವ ಕಂಪನಿಯನ್ನೂ ಅದೇ ಪ್ರಶ್ನೆ ಕೇಳಬೇಕು.

ಆದ್ದರಿಂದ ಸುಳ್ಳು ಯಂತ್ರಕ್ಕೆ ನಮ್ಮ ವಿರೋಧವಿಲ್ಲ. ಸುಳ್ಳು ಮಾತಿಗೆ ಇದೆ. ಅಮೆರಿಕದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಬಡ ಕಪ್ಪು ಜನರಿಗೆ ರೋಗದ ಹೆಸರನ್ನೇ ಮುಚ್ಚಿಟ್ಟರು, ಪೆನ್ಸಿಲಿನ್ ಬಂದ ಮೇಲೂ ಕೊಡದೆ ನೋಡುತ್ತಾ ಕೂತರು. ಅದು ವಿಜ್ಞಾನವಲ್ಲ, ದ್ರೋಹ. "ಎರಡು ಯಂತ್ರ ಇವೆ, ಒಂದು ಸುಳ್ಳು, ನಿನಗೆ ಯಾವುದು ಬರುತ್ತದೋ ಗೊತ್ತಿಲ್ಲ" ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆದರೆ ಅದು ಬೇರೆ ಮಾತು.

ಒಪ್ಪಿಗೆಯೊಂದೇ ಸಾಲದು. ಅಮೆರಿಕದಲ್ಲೇ ಆರು ತಿಂಗಳು ಸುಳ್ಳು ಯಂತ್ರ ಕೊಟ್ಟ ಪರೀಕ್ಷೆ ನಡೆದಿದೆ. ಅದರ ಫಲಿತಾಂಶ 2012ರಲ್ಲಿ ಬಂತು. ಲಾರಿ ಓಡಿಸುವವನು ಆರು ತಿಂಗಳು ತೂಕಡಿಸಿದರೆ ಸಾಯುವವನು ಅವನೊಬ್ಬನೇ ಅಲ್ಲ. ಬೇರೆ ದಾರಿಯೂ ಇದೆ. 2016ರಲ್ಲಿ ಪ್ರಕಟವಾದ, ಭಾರತವೂ ಸೇರಿದ್ದ ಸೇವ್ ಪರೀಕ್ಷೆಯಲ್ಲಿ ಸುಳ್ಳು ಯಂತ್ರ ಇದ್ದದ್ದು ಮೊದಲ ಒಂದು ವಾರ ಮಾತ್ರ, ಮಾಸ್ಕು ಯಾರು ತಡೆದುಕೊಳ್ತಾರೆ ಅಂತ ನೋಡಲು. ವಿಪರೀತ ತೂಕಡಿಕೆಯವರನ್ನು ಸೇರಿಸಿಕೊಳ್ಳಲೇ ಇಲ್ಲ.

ಹಾಸ್ಟೆಲಿನ ನಮಗೇಕೆ ಇದೆಲ್ಲ ಅಂತೀರಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ವಿಶೇಷ ರಕ್ಷಣೆ ಬೇಕಾದವರ ಪಟ್ಟಿಯಲ್ಲಿ ಬಡವರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿದೆ. ನಾವು ಎರಡೂ ಹೌದು. ಮೇಷ್ಟ್ರು ಹೇಳಿದರು, ಡಾಕ್ಟರು ಕರೆದರು ಅಂತ ಸಹಿ ಹಾಕಬೇಡಿ. ನಾಲ್ಕು ಪ್ರಶ್ನೆ ಕೇಳಿ. ಸುಳ್ಳು ಯಂತ್ರ ಎಷ್ಟು ದಿನ? ನಡುವೆ ಬಿಟ್ಟುಹೋಗಬಹುದಾ? ತೊಂದರೆಯಾದರೆ ಹೊಣೆ ಯಾರು? ಪರೀಕ್ಷೆ ಮುಗಿದ ಮೇಲೆ ನಿಜವಾದ ಯಂತ್ರ ನಮಗೆ ಸಿಗುತ್ತಾ?

ಕೊನೆಯ ಪ್ರಶ್ನೆಯೇ ದೊಡ್ಡದು. ಬಡವನ ಮೂಗಿನ ಮೇಲೆ ಪರೀಕ್ಷಿಸಿದ ಗಾಳಿ ಉಳ್ಳವನ ಮನೆಗಷ್ಟೇ ಹೋಗುವುದಾದರೆ ಅಂಥ ಪರೀಕ್ಷೆಗೆ ನಮ್ಮ ಮೂಗು ಕೊಡುವುದಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಲ ಹೋಯಿತು. ಓದಿ, ಕೇಳಿ, ಆಮೇಲೆ ಸಹಿ ಹಾಕಿ.