ನಿಂತ ಮನೆಗೂ ಒಂದು ಫೋಟೊ ಬೇಕು

ಕೃಷ್ಣೆಗೆ ನೆರೆ ಬಂದ ವಾರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ನಾಡಿನ ಎಲ್ಲ ಪತ್ರಿಕೆಗಳಲ್ಲೂ ಕಾಣಿಸಿಕೊಳ್ಳುತ್ತವೆ. ಮುಳುಗಿದ ಸೇತುವೆ, ಯಡೂರಿನ ವೀರಭದ್ರನ ಗುಡಿಯ ಸುತ್ತ ನಿಂತ ನೀರು, ಟ್ರ್ಯಾಕ್ಟರಿನಲ್ಲಿ ಸಂಸಾರ ಹೇರಿಕೊಂಡು ಹೊರಟ ಮಂದಿ. ನೀರು ಇಳಿಯಿತೆಂದರೆ ಕ್ಯಾಮೆರಾಗಳೂ ಊರು ಬಿಡುತ್ತವೆ. 2005, 2019, 2021ರ ಮಹಾಪೂರದ ಚಿತ್ರಗಳು ಹುಡುಕಿದರೆ ರಾಶಿ ರಾಶಿ ಸಿಗುತ್ತವೆ. ಅದೇ ಓಣಿ, ಅದೇ ಅಗಸಿ, ಅದೇ ಹೊಳೆಯ ದಂಡೆ ನಡುವಿನ ವರ್ಷಗಳಲ್ಲಿ ಹೇಗಿದ್ದವು ಎಂದು ಕೇಳಿದರೆ ತೋರಿಸಲು ಹೆಚ್ಚೇನೂ ಇಲ್ಲ. ಹಾಗೆಂದು ನಮ್ಮಲ್ಲಿ ಕ್ಯಾಮೆರಾ ಹಿಡಿದವರಿಗೆ ಬರವಿಲ್ಲ. ರಜೆ ಸಿಕ್ಕರೆ ಅವರು ಹಂಪಿಗೆ, ಗೋಕಾಕ ಜಲಪಾತಕ್ಕೆ, ಅಂಬೋಲಿ ಘಾಟಿಗೆ ಹೋಗುತ್ತಾರೆ. ಆಗಲೇ ಲಕ್ಷ ಜನ ತೆಗೆದ ಚಿತ್ರಕ್ಕೆ ತಮ್ಮದೂ ಒಂದನ್ನು ಸೇರಿಸಿ ಮರಳುತ್ತಾರೆ. ನನ್ನ ವಾದ ಇಷ್ಟೆ: ಈ ಐದು ತಾಲ್ಲೂಕುಗಳ ಛಾಯಾಗ್ರಾಹಕರು ಮೊದಲು ತಮ್ಮ ಊರನ್ನು ತೆಗೆಯಬೇಕು, ಮತ್ತು ಆ ಚಿತ್ರ ಚೆಂದ ಇರುವುದಕ್ಕಿಂತ ಮುಂಚೆ ಅದಕ್ಕೊಂದು ಊರು, ತಾರೀಖು, ಹೆಸರು ಇರಬೇಕು.

ಹಂಪಿಯ ಉದಾಹರಣೆಯೇ ಇದಕ್ಕೆ ಗಟ್ಟಿ ಸಾಕ್ಷಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಗುಡಿಗಳನ್ನು ಸೆರೆಹಿಡಿದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇತ್ತೆಂಬುದನ್ನು ಇಂದು ಯಾರು ಬೇಕಾದರೂ ಕಣ್ಣಾರೆ ನೋಡಬಹುದಾಗಿದ್ದರೆ ಅದು ಆ ಚಿತ್ರಗಳ ದೆಸೆಯಿಂದ. ಶಿಖರ ಈಗಿಲ್ಲ, ಐವತ್ತು ರೂಪಾಯಿ ನೋಟಿನಲ್ಲಿರುವುದೂ ಶಿಖರವಿಲ್ಲದ ರಥವೇ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನನ್ನು ಎತ್ತಿ ನಿಲ್ಲಿಸಿದರು, ಎಲ್ಲಿ ಗಿಡ ಬೆಳೆಯಿತು ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ. ಮೊದಲ ಚಿತ್ರ ಇಲ್ಲದಿದ್ದರೆ ಎರಡನೆಯದಕ್ಕೆ ಈ ಬೆಲೆ ಬರುತ್ತಿರಲಿಲ್ಲ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಆ ಮೊದಲ ಚಿತ್ರವನ್ನು ತೆಗೆಯಬೇಕಾದವರು ಈಗ ಬದುಕಿರುವವರು.

ಹತ್ತಿರದ ಸಾಕ್ಷಿಯೂ ಒಂದಿದೆ. ನಿಪ್ಪಾಣಿಯ ತಂಬಾಕಿನ ಕಾರ್ಖಾನೆಗಳ ಒಳಗೆ ಎಂಬತ್ತರ ದಶಕದ ಆರಂಭದಲ್ಲಿ ಹೆಂಗಸರು ಹೇಗೆ ದುಡಿಯುತ್ತಿದ್ದರು, ಆ ದೂಳಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಹೇಗೆ ಉಸಿರಾಡುತ್ತಿದ್ದರು, ಸಂಘ ಕಟ್ಟಿ ಮುಷ್ಕರಕ್ಕೆ ಹೇಗೆ ಇಳಿದರು ಎಂಬುದನ್ನು ಇಂದಿಗೂ ನೋಡಬಹುದು. ದೀಪಾ ಧನರಾಜ್ ಅವರಿದ್ದ ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ಆ ಹೆಂಗಸರ ಜತೆಗೇ ಕೂತು, ಅವರನ್ನು ಕೇಳಿಕೊಂಡು ಮಾಡಿದ ಸಾಕ್ಷ್ಯಚಿತ್ರ ಉಳಿದಿದೆ. ಅದಕ್ಕೂ ಒಂದು ವರ್ಷ ಮೊದಲು ಇದೇ ಊರಿನ ಬಳಿ ತಂಬಾಕು ಬೆಳೆಗಾರರು ಹೆದ್ದಾರಿ ತಡೆದು ಕೂತಿದ್ದರು. ಆ ಚಳವಳಿ 1981ರ ಏಪ್ರಿಲ್‌ನಲ್ಲಿ ಗೋಲಿಬಾರಿನಲ್ಲಿ ಮುಗಿಯಿತು. ಆ ಹೆದ್ದಾರಿಯ ಅಂದಿನ ರೂಪ ಈಗ ಗುರುತು ಸಿಗದು. ಪುಣೆ–ಬೆಂಗಳೂರು ರಸ್ತೆ ಅಗಲವಾಗುತ್ತಾ ಸ್ತವನಿಧಿ ಘಾಟಿನ ಗುಡ್ಡದ ಅಂಚನ್ನು ಕೊರೆಯುತ್ತ ಬಂದಿದೆ. ಪಾರ್ಶ್ವನಾಥನ ಕ್ಷೇತ್ರವಿರುವ ಆ ಗುಡ್ಡ ರಸ್ತೆಯಿಂದ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಇನ್ನು ಹತ್ತು ವರ್ಷದಲ್ಲಿ ಹಿರಿಯರ ಮಾತೊಂದೇ ಆಧಾರವಾದೀತು.

ಹೆದ್ದಾರಿ ಮಾತ್ರವಲ್ಲ. ಮೀರಜ್–ಲೋಂಡಾ ಮಾರ್ಗದಲ್ಲಿ ಜೋಡಿ ಹಳಿ ಬಂದಂತೆ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳ ಚಹರೆ ಬದಲಾಗಿದೆ. ಮಣ್ಣಿನ ಮಾಳಿಗೆಯ ಮನೆಗಳು ಪ್ರತಿ ನೆರೆಗೆ ಇಷ್ಟಿಷ್ಟು ಬೀಳುತ್ತಿವೆ. ಎಲ್ಲಕ್ಕಿಂತ ಹೆಚ್ಚು ಅಳಿಸುತ್ತಿರುವುದು, ನೋವಿನಿಂದಲೇ ಹೇಳಬೇಕು, ನಮ್ಮ ಭಕ್ತಿ. ಊರ ಹನುಮಪ್ಪನ ಗುಡಿಯ ಅಂಗಳದಲ್ಲಿ ಅರ್ಧ ಹೂತ ವೀರಗಲ್ಲೊಂದನ್ನು ಹತ್ತಿರದಿಂದ ನೋಡಿ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ, ಎರಡು ಪಕ್ಕ ಸೂರ್ಯ ಚಂದ್ರ. ಪಟ್ಟಿಗಳ ನಡುವಿನ ಏಣಿನಲ್ಲಿ ಬರಹವಿದ್ದರೆ ಅದರ ಗೆರೆಗಳಲ್ಲಿ ಆಯಿಲ್ ಪೇಂಟು ಕೂತಿರುತ್ತದೆ. ಪ್ರತಿ ಜಾತ್ರೆಗೆ ಒಂದು ಕೋಟು. ಆಮೇಲೆ ಜೀರ್ಣೋದ್ಧಾರ ಬಂತೆಂದರೆ ಹಳೆ ಕಂಬ ಹಿತ್ತಲಿಗೆ, ಹೊಸ ಟೈಲ್ಸು ಗರ್ಭಗುಡಿಗೆ. ಇದನ್ನು ತಡೆಯುವ ಶಕ್ತಿ ಛಾಯಾಗ್ರಾಹಕನಿಗೆ ಇಲ್ಲ. ಮುಂದಿನ ಕೋಟು ಬೀಳುವ ಮೊದಲು, ಬೆಳಗಿನ ಓರೆ ಬಿಸಿಲು ಅಕ್ಷರಗಳ ಮೇಲೆ ಹಾಯುವ ಹೊತ್ತಿಗೆ, ನಾಲ್ಕು ಚಿತ್ರ ತೆಗೆಯುವುದು ಮಾತ್ರ ಅವನ ಕೈಯಲ್ಲಿದೆ. ಶಾಸನ ಓದುವ ವಿದ್ವಾಂಸರಿಗೆ ಅದೇ ಸಾಕಾಗುತ್ತದೆ.

ಇದರಲ್ಲಿ ರೊಕ್ಕದ ಮಾತೂ ಇದೆ. 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಬಿದ್ದ ಮನೆಯ ಫೋಟೊ ಕಡತಕ್ಕೆ ಸೇರಿತು, ನಿಂತ ಮನೆಯದು ಎಲ್ಲೂ ಇರಲಿಲ್ಲ. ಎಷ್ಟು ಅಂಕಣದ ಮನೆ, ಎಷ್ಟು ಬಿತ್ತು ಎಂಬ ಜಗಳಕ್ಕೆ ಒಂದು ಹಳೆ ಚಿತ್ರದಷ್ಟು ಸರಳ ಉತ್ತರ ಬೇರೆ ಇಲ್ಲ.

‘ನಮ್ಮ ಕಡೆ ನೋಡುವಂಥದ್ದು ಏನಿದೆ, ಬರೀ ಕಬ್ಬು’ ಎನ್ನುವವರಿದ್ದಾರೆ. ಬೆಟ್ಟ, ಮಂಜು, ಜಲಪಾತ ಇದ್ದರೆ ಮಾತ್ರ ನೋಟ ಎಂಬ ಅಭ್ಯಾಸ ಕ್ಯಾಲೆಂಡರುಗಳು ಕಲಿಸಿದ್ದು. ಕಬ್ಬಿನ ನಾಡಿಗೆ ತನ್ನದೇ ಬಗೆಯ ನೋಟವಿದೆ: ಮಳೆಗಾಲ ಮುಗಿಯುವ ಹೊತ್ತಿಗೆ ಬೆಳೆ ಆಳೆತ್ತರ ದಾಟಿ ಊರನ್ನೇ ಮುಚ್ಚಿಬಿಡುತ್ತದೆ, ನುರಿಸುವ ಹಂಗಾಮು ಶುರುವಾಗಿ ಕಟಾವಿನ ಗ್ಯಾಂಗು ಬಂದು ಹೋದ ಮೇಲೆ ಅದೇ ಜಾಗದಲ್ಲಿ ಗುಡಿಯ ಗೋಪುರ, ಕಾರ್ಖಾನೆಯ ಚಿಮಣಿ, ಹೊಳೆಯಾಚೆಯ ಮರಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಒಂದೇ ಕಡೆ ನಿಂತು ಎರಡು ಋತುವಿನಲ್ಲಿ ತೆಗೆದರೆ ಎರಡು ಬೇರೆ ಊರುಗಳಂತೆ ಕಾಣುತ್ತವೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಬರುವ ಚಕ್ಕಡಿಗಳು, ಭಂಡಾರ ಮೆತ್ತಿದ ಎತ್ತಿನ ಕೋಡುಗಳು, ದೂಧಗಂಗೆ ವೇದಗಂಗೆ ಕೂಡುವ ಭೋಜದ ದಂಡೆ, ಅಥಣಿಯ ಚಪ್ಪಲಿ ಹೊಲಿಯುವ ಜಗುಲಿಗಳು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಗಡಿಯಾಚೆ ಖಿದ್ರಾಪುರವನ್ನು ನೋಡಿ. ಅಲ್ಲಿನ ಕೋಪೇಶ್ವರ ಗುಡಿಯ ಸ್ವರ್ಗಮಂಟಪದ ದುಂಡನೆಯ ತೆರವಿನ ನೇರಕ್ಕೆ ಕಾರ್ತಿಕ ಹುಣ್ಣಿಮೆಯ ಚಂದ್ರ ಬರುವ ಚಿತ್ರ ಓಡಾಡಿದ ಮೇಲೆ ದೂರದೂರದವರು ಅಲ್ಲಿಗೆ ಬರುತ್ತಿದ್ದಾರೆ. ಆ ಗುಡಿಯಲ್ಲಿ ಇಲ್ಲದ ನಂದಿ ನಮ್ಮ ಯಡೂರಿನಲ್ಲಿದೆ ಎಂಬುದು ಎರಡೂ ದಂಡೆಯ ಜನರ ನಂಬಿಕೆ. ಶಿಲಾಹಾರರ ಆ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ಯಡೂರನ್ನೂ ಖಿದ್ರಾಪುರವನ್ನೂ ಒಂದೇ ಸರಣಿಯಲ್ಲಿ ತೋರಿಸುವ ಕೆಲಸ ಮಾಡಲು ಹೊಳೆ ಬಲ್ಲ ಸ್ಥಳೀಯರೇ ಬೇಕು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಚಿತ್ರಗಳಿಗೇನು ಕೊರತೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ತಾರೀಖು, ಜಾಗದ ಮಾಹಿತಿಯನ್ನು ಕಳೆದುಕೊಳ್ಳುತ್ತದೆ. ರೀಲ್ಸ್‌ನಲ್ಲಿ ಸಂಜೆಯ ಆಕಾಶಕ್ಕೆ ಬೇರೆ ಬಣ್ಣ ಬಳಿದಿರುತ್ತಾರೆ, ಊರಿನ ಹೆಸರಿರುವುದಿಲ್ಲ. ಐದು ವರ್ಷದ ಮೇಲೆ ಮೊಬೈಲ್ ಕೆಟ್ಟರೆ ಎಲ್ಲವೂ ಹೋಯಿತು. ಮೂಲ ಫೈಲನ್ನು ಇಟ್ಟುಕೊಂಡು, ಊರು, ತಾಲ್ಲೂಕು, ದಿನಾಂಕ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು ಎಂದು ಕನ್ನಡದಲ್ಲಿ ಬರೆದು ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಸಂಗ್ರಹಕ್ಕೆ ಹಾಕಿದರೆ ಅದು ಉಳಿಯುತ್ತದೆ, ಕನ್ನಡ ವಿಕಿಪೀಡಿಯದ ಪುಟಕ್ಕೂ ಒದಗುತ್ತದೆ.

ಕಾನೂನಿನ ಭಯ ಬೇಡ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಕಟ್ಟಡ, ಶಿಲ್ಪಗಳ ಚಿತ್ರ ತೆಗೆಯಲು 1957ರ ಕೃತಿಸ್ವಾಮ್ಯ ಕಾಯ್ದೆಯ ಅಡ್ಡಿಯಿಲ್ಲ. ಜನರ ವಿಷಯ ಹಾಗಲ್ಲ. ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುವ ತಾಯಂದಿರು, ವಿಹಾರದಲ್ಲಿರುವ ದಿಗಂಬರ ಮುನಿಗಳು, ಗರ್ಭಗುಡಿಯ ಮೂರ್ತಿ: ಇವೆಲ್ಲ ಕೇಳದೆ ತೆಗೆಯುವ ಚಿತ್ರಗಳಲ್ಲ. ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು, ಅಷ್ಟೇ. ನಿಪ್ಪಾಣಿಯ ಆ ಸಾಕ್ಷ್ಯಚಿತ್ರಕ್ಕೆ ಇಷ್ಟು ಬಲ ಬಂದದ್ದೂ ಕೇಳಿ ತೆಗೆದದ್ದರಿಂದ.

ಇನ್ನೊಂದು ಗಣಿಯನ್ನು ನಾವು ಮರೆತೇಬಿಟ್ಟಿದ್ದೇವೆ. ಈ ಐದೂ ಪಟ್ಟಣಗಳ ಹಳೆಯ ಫೋಟೊ ಸ್ಟುಡಿಯೊಗಳಲ್ಲಿ ನೆಗೆಟಿವ್‌ಗಳ ಡಬ್ಬಿಗಳಿವೆ. ಮದುವೆಯ ಮೆರವಣಿಗೆ, ಶಾಲೆಯ ಗುಂಪು, ಕುಸ್ತಿ ಗೆದ್ದ ಪೈಲ್ವಾನ. ಅವರ ಬೆನ್ನ ಹಿಂದೆ ಇಂದಿಲ್ಲದ ಅಗಸಿ, ಬಿದ್ದುಹೋದ ವಾಡೆ, ತಂಬಾಕಿನ ವಖಾರಿ. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜು, ನಿಪ್ಪಾಣಿಯ ಬಾಗೇವಾಡಿ ಕಾಲೇಜುಗಳ ಇತಿಹಾಸ ವಿಭಾಗಗಳು ಒಂದೊಂದು ಸ್ಕ್ಯಾನರ್ ಇಟ್ಟು, ಸ್ಟುಡಿಯೊ ಮಾಲೀಕರ ಒಪ್ಪಿಗೆ ಪಡೆದು, ಚಿತ್ರದಲ್ಲಿರುವ ಕುಟುಂಬಗಳನ್ನೂ ಕೇಳಿ ಈ ಕೆಲಸ ಆರಂಭಿಸಬಹುದು. ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಆ ಊರಿನ ಚಿತ್ರಗಳ ಒಂದು ಪ್ರತಿ ಇರಲಿ. ತೇವಕ್ಕೆ ನೆಗೆಟಿವ್ ಅಂಟಿಕೊಂಡರೆ ಬಿಡಿಸಲು ಬರುವುದಿಲ್ಲ. ಹೊಳೆಗೆ ಹತ್ತಿರದ ಊರುಗಳ ಡಬ್ಬಿಗಳನ್ನು ಈ ಸಲದ ಮಳೆಗಾಲಕ್ಕೆ ಮೊದಲೇ ಎತ್ತಿಕೊಳ್ಳಬೇಕು.